ಕೋಟೆಯೋ, ಕಾಡೋ, ಕುದುರೆಯೋ: ಬಲಾಢ್ಯನ ಎದುರು ಬಡ ಸೈನ್ಯಕ್ಕೆ ಯಾವ ದಾರಿ?

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಹತ್ತಿರ ಬರುತ್ತಿದ್ದ ಹಾಗೆ ಒಂದು ವಾದ ಶುರುವಾಗುತ್ತದೆ. ಚೆನ್ನಮ್ಮ ಕೋಟೆಯಲ್ಲೇ ನಿಂತದ್ದು ಸರಿಯಾ? ರಾಯಣ್ಣ ಆಮೇಲೆ ಮಾಡಿದ ಹಾಗೆ ಮೊದಲೇ ಕಾಡು ಸೇರಿದ್ದರೆ? ಹೈದರನ ಹಾಗೆ ಕುದುರೆ ಏರಿ ಶತ್ರುವಿನ ಬಾಗಿಲಿಗೇ ಹೋಗಿದ್ದರೆ? ಐತಿಹಾಸಿಕ ನಾಟಕ ಬರೆಯುವವರು, ಸ್ಟ್ರಾಟೆಜಿ ಗೇಮ್ ಆಡುವವರು, ಸುಮ್ನೆ ಇತಿಹಾಸ ಓದುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಎದುರಾಳಿ ಹತ್ತು ಪಟ್ಟು ದೊಡ್ಡವನು. ನಮ್ಮ ಹತ್ತಿರ ತೋಪಿಲ್ಲ, ದುಡ್ಡಿಲ್ಲ. ಏನು ಮಾಡಬೇಕು?

"ಗೆರಿಲ್ಲಾ ಯುದ್ಧ ಮಾಡಬೇಕು" ಅಂತ ಥಟ್ಟನೆ ಹೇಳಿಬಿಡುತ್ತಾರೆ. ಅಷ್ಟು ಸುಲಭ ಅಲ್ಲ. ಗೆರಿಲ್ಲಾ ಮಾಡಿ ಸರ್ವನಾಶವಾದವರೂ ಇದ್ದಾರೆ, ಎದುರಾಬದುರು ನಿಂತು ಗೆದ್ದವರೂ ಇದ್ದಾರೆ. ಅದಕ್ಕೇ ಒಂದೊಂದು ದಾರಿಯನ್ನೂ ಒಂದೇ ಅಳತೆಯಲ್ಲಿ ಇಟ್ಟು ನೋಡೋಣ.

ಏನನ್ನು ಅಳೆಯಬೇಕು

ಬಂದೂಕು ಎಷ್ಟಿದೆ ಅನ್ನುವುದರಿಂದ ಶುರು ಮಾಡಬೇಡಿ. ಕಡಿಮೆ ಇದೆ ಅಂತ ಗೊತ್ತೇ ಇದೆಯಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು, ಗೆಲುವು ಅಂದರೆ ನಿಮಗೆ ಏನು? ಶತ್ರುವನ್ನು ಪೂರ್ತಿ ಓಡಿಸಬೇಕಾ, ಒಪ್ಪಂದಕ್ಕೆ ಕೂರಿಸಿದರೆ ಸಾಕಾ, ಅಥವಾ ದೇಶ ಅಂತ ಒಂದು ಉಳಿದರೆ ಅದೇ ದೊಡ್ಡದಾ? ಮೂರಕ್ಕೂ ದಾರಿ ಬೇರೆ.

ಆಮೇಲೆ ಸಮಯ. ನೀವು ಎಷ್ಟು ದಿನ ತಡೆಯಬಲ್ಲಿರಿ, ಅವನು ಎಷ್ಟು ದಿನ ತಡೆಯಬಲ್ಲ? ಆಮೇಲೆ ನೆಲ. ಅಡಗಲು ಕಾಡು, ಬೆಟ್ಟ, ಹಿಮ, ಮರಳು ಏನಾದರೂ ಇದೆಯಾ? ಆಮೇಲೆ ಬೆನ್ನು. ಮದ್ದುಗುಂಡು ಎಲ್ಲಿಂದ ಬರುತ್ತದೆ? ಪಕ್ಕದಲ್ಲಿ ನಿಮ್ಮ ಪರವಾದ ಒಂದು ಗಡಿ ಇದೆಯಾ?

ಕಡೆಯದು ಜನ ಕೇಳಲು ಹಿಂಜರಿಯುವ ಪ್ರಶ್ನೆ. ಈ ಯುದ್ಧದ ಖರ್ಚು ಯಾರ ತಲೆಗೆ? ಬಡ ಸೈನ್ಯಕ್ಕೆ ಅಗ್ಗದ ದಾರಿ ಅಂತ ಒಂದಿಲ್ಲ. ಕೆಲವು ದಾರಿಯಲ್ಲಿ ಸೈನಿಕ ತೆರುತ್ತಾನೆ, ಕೆಲವದರಲ್ಲಿ ಹಳ್ಳಿ ತೆರುತ್ತದೆ, ಕೆಲವದರಲ್ಲಿ ನೆಲವೇ ಹೋಗುತ್ತದೆ. ದಾರಿ ಆರಿಸುವುದು ಅಂದರೆ ಅದನ್ನು ಆರಿಸುವುದು ಅಂತ ನನ್ನ ಲೆಕ್ಕ. ಉಳಿದದ್ದೆಲ್ಲ ಆಮೇಲಿನ ಮಾತು.

ಕೋಟೆ

ಕಿತ್ತೂರನ್ನೇ ನೋಡಿ. 1824ರಲ್ಲಿ ಕಂಪನಿ ಸರ್ಕಾರ ದತ್ತು ಮಗನನ್ನು ಒಪ್ಪಲಿಲ್ಲ. ಧಾರವಾಡದಿಂದ ಕಂಪನಿಯ ಕಲೆಕ್ಟರ್ ಥ್ಯಾಕರೆ ದಂಡು ತಂದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಡೆಯಲು ತಯಾರಾಗುತ್ತಿದ್ದಾಗ ಒಳಗಿನವರು ಕಾಯುತ್ತಾ ಕೂರಲಿಲ್ಲ. ಬಾಗಿಲು ತೆರೆದು ಹೊರಗೆ ನುಗ್ಗಿದರು. ಥ್ಯಾಕರೆ ಸತ್ತ. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. (ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನು ಇವನೇ. ಕಿತ್ತೂರಿನವರು ಸೆರೆಯಾಳನ್ನು ಚೆನ್ನಾಗಿ ನೋಡಿಕೊಂಡದ್ದು ಶಾಸನಶಾಸ್ತ್ರಕ್ಕೂ ಒಳ್ಳೆಯದಾಯಿತು.)

ಗಮನಿಸಿ, ಆ ದಿನ ಗೆದ್ದದ್ದು ಕೋಟೆಯ ಗೋಡೆಯಿಂದಲ್ಲ. ಗೋಡೆ ಬಿಟ್ಟು ಹೊರಗೆ ಬಂದದ್ದರಿಂದ. ಡಿಸೆಂಬರ್‌ನಲ್ಲಿ ಕಂಪನಿ ಬೇರೆ ಬೇರೆ ಕಡೆಯಿಂದ ದಂಡು ಕೂಡಿಸಿ, ದೊಡ್ಡ ತೋಪು ತಂದು ಮತ್ತೆ ಬಂತು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು.

ಕೋಟೆಯ ಒಳ್ಳೆಯ ಗುಣ ಒಂದೇ: ಅದು ಸಮಯ ಕೊಡುತ್ತದೆ. ಆ ಸಮಯದಲ್ಲಿ ಹೊರಗಿನಿಂದ ಯಾರಾದರೂ ಸಹಾಯಕ್ಕೆ ಬರುವುದಿದ್ದರೆ ಕೋಟೆ ಬೇಕು. ಯಾರೂ ಬರುವುದಿಲ್ಲ ಅಂದರೆ ಒಳಗಿನವರು ಕಣಜದ ಕಾಳು ಎಣಿಸುತ್ತಾ ಕೂರಬೇಕು, ಅಷ್ಟೇ. ಕಿತ್ತೂರಿಗೆ ಬರುವವರು ಯಾರೂ ಇರಲಿಲ್ಲ. ಅದಕ್ಕೇ ಸೆರೆಯಾಳುಗಳನ್ನು ಇಟ್ಟುಕೊಂಡು ಮಾತುಕತೆಗೆ ದಾರಿ ನೋಡಿದ್ದು ರಾಣಿಯ ಸರಿಯಾದ ಲೆಕ್ಕವೇ ಆಗಿತ್ತು. ಅದು ಕೈಗೂಡಲಿಲ್ಲ ಅನ್ನುವುದು ಬೇರೆ ಮಾತು. ಅವರು ಕಾಡು ಹಿಡಿಯಬೇಕಿತ್ತು ಅನ್ನುವವರಿಗೆ ನನ್ನ ಪ್ರಶ್ನೆ: ಸಿಂಹಾಸನದ ಹಕ್ಕಿಗಾಗಿ ಹೋರಾಡುವ ರಾಣಿ ರಾಜಧಾನಿ ಬಿಟ್ಟು ಹೋದರೆ ಆ ಹಕ್ಕಿನಲ್ಲಿ ಉಳಿಯುವುದೇನು?

ಕಾಡು

ಸಂಗೊಳ್ಳಿ ರಾಯಣ್ಣನ ಲೆಕ್ಕ ಬೇರೆ. ಅವನಿಗೆ ಕಾಯಲು ಕೋಟೆ ಇರಲಿಲ್ಲ. ಇದ್ದದ್ದು ಖಾನಾಪುರ, ನಂದಗಡದ ಕಡೆಯ ದಟ್ಟ ಕಾಡು, ಮತ್ತು ಕಂಪನಿಯ ಕಂದಾಯದಿಂದ ರೋಸಿಹೋದ ರೈತರು. ಅವನು ಏನನ್ನು ಸುಟ್ಟ ನೋಡಿ. ಬೀಡಿ, ನಂದಗಡ, ಸಂಪಗಾವಿಯ ಸರ್ಕಾರಿ ಕಚೇರಿಗಳು. ಅಲ್ಲಿದ್ದದ್ದು ಕಂದಾಯದ ದಫ್ತರ. ಯಾರು ಎಷ್ಟು ಕೊಡಬೇಕು ಅನ್ನುವ ಕಾಗದ ಸುಟ್ಟರೆ ಸರ್ಕಾರಕ್ಕೆ ಕಣ್ಣೇ ಹೋದ ಹಾಗೆ. ಒಂದು ಪಲ್ಟನ್ ಸೋಲಿಸುವುದಕ್ಕಿಂತ ಇದು ಅಗ್ಗ, ಏಟು ಮಾತ್ರ ಜಾಸ್ತಿ.

ಆದರೂ ಇದೆಲ್ಲ ತಿಂಗಳುಗಳ ಆಟವಾಯಿತೇ ಹೊರತು ವರ್ಷಗಳ ಆಟವಾಗಲಿಲ್ಲ. 1830ರ ಏಪ್ರಿಲ್‌ನಲ್ಲಿ ತನ್ನ ಕಡೆಯವರೇ ಹಿಡಿದುಕೊಟ್ಟರು. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಕಾಡಿನ ಯುದ್ಧದಲ್ಲಿ ಸೈನ್ಯ ಒಬ್ಬ ನಾಯಕನ ಮೇಲೆ ನಿಂತಿದ್ದರೆ ಶತ್ರು ಸೈನ್ಯವನ್ನು ಸೋಲಿಸಬೇಕಾಗಿಲ್ಲ. ಒಬ್ಬ ಗೌಡನಿಗೆ ಇನಾಮಿನ ಆಸೆ ತೋರಿಸಿದರೆ ಸಾಕು. ಜೊತೆಗೆ ರಾಯಣ್ಣನಿಗೆ ಬೆನ್ನ ಹಿಂದೆ ಗಡಿ ಇರಲಿಲ್ಲ. ಸುತ್ತಲೂ ಕಂಪನಿಯ ನೆಲ, ಇಲ್ಲವೇ ಕಂಪನಿಗೆ ಅಂಜುವ ಸಂಸ್ಥಾನಗಳು.

ಇದೇ ದಾರಿಯನ್ನು ದೊಡ್ಡ ಮಟ್ಟದಲ್ಲಿ ಹಿಡಿದವರು ದಕ್ಷಿಣ ಆಫ್ರಿಕಾದ ಬೋಯರ್ ರೈತರು, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರು. 1900ರ ಜೂನ್‌ನಲ್ಲಿ ಅವರ ರಾಜಧಾನಿ ಪ್ರಿಟೋರಿಯಾ ಬಿದ್ದಾಗ ಬ್ರಿಟಿಷರು ಯುದ್ಧ ಮುಗಿಯಿತು ಅಂದುಕೊಂಡರು. ಬೋಯರ್‌ಗಳು ಸಣ್ಣ ಸಣ್ಣ ಕುದುರೆ ದಳಗಳಾಗಿ ಒಡೆದು, ಮೌಸರ್ ಬಂದೂಕು ಹಿಡಿದು ಇನ್ನೂ ಸುಮಾರು ಎರಡು ವರ್ಷ ಓಡಾಡಿದರು. ರೈಲು ಹಳಿ ಕಿತ್ತರು, ರಸದ್ ದೋಚಿದರು. ಸೆರೆ ಸಿಕ್ಕವರನ್ನು ಇರಿಸಲು ಬ್ರಿಟಿಷರು ಭಾರತದಲ್ಲೂ ಶಿಬಿರ ಮಾಡಿದರು. ನಮ್ಮ ಬಳ್ಳಾರಿಯಲ್ಲೂ ಒಂದು ಇತ್ತು.

ಉತ್ತರವಾಗಿ ಬ್ರಿಟಿಷರು ಹೊಲಮನೆಗಳನ್ನು ಸುಟ್ಟರು. ಸುಮಾರು 8,000 ಕಾವಲು ಗೂಡು ಕಟ್ಟಿ ನಡುವೆ ಮುಳ್ಳುತಂತಿ ಎಳೆದರು. ಹೆಂಗಸರು, ಮಕ್ಕಳನ್ನು ಶಿಬಿರಗಳಿಗೆ ತುಂಬಿದರು. ಆ ಶಿಬಿರಗಳಲ್ಲಿ ಸತ್ತ ಬೋಯರ್‌ಗಳು ಸುಮಾರು 28,000. ಅದರಲ್ಲಿ ಬಹುಪಾಲು ಮಕ್ಕಳು. ಬೇರೆ ಶಿಬಿರಗಳಲ್ಲಿ ಸತ್ತ ಕಪ್ಪು ಜನರದು ಇನ್ನೂ ಹತ್ತಾರು ಸಾವಿರದ ಲೆಕ್ಕ. ಯುದ್ಧದಲ್ಲಿ ಸತ್ತ ಬೋಯರ್ ಹೋರಾಟಗಾರರಿಗಿಂತ ಇವರ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿ.

ಹಾಗಾಗಿ ಕಾಡಿನ ದಾರಿ ಹಿಡಿಯುವವರು ಒಂದು ಮಾತು ತಿಳಿದಿರಬೇಕು. ಕೈಗೆ ಸಿಗದ ಸೈನ್ಯದ ಸಿಟ್ಟನ್ನು ಶತ್ರು ಕೈಗೆ ಸಿಗುವವರ ಮೇಲೆ ತೀರಿಸಿಕೊಳ್ಳುತ್ತಾನೆ. ಶುರುವಿಗೆ ದುಡ್ಡು ಕಡಿಮೆ ಸಾಕು, ನಿಜ. ಆಮೇಲಿನ ಕಂತು ಹಳ್ಳಿಯ ಹೆಸರಿಗೆ ಬರುತ್ತದೆ.

ಒಳಗೆ ಬಿಟ್ಟು ಕತ್ತರಿಸುವುದು

1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಫಿನ್‌ಲೆಂಡ್ ಮೇಲೆ ಬಿತ್ತು. ಫಿನ್‌ಲೆಂಡ್ ಹತ್ತಿರ ಟ್ಯಾಂಕ್ ಅಂತ ಲೆಕ್ಕಕ್ಕೆ ಇದ್ದದ್ದು ಬೆರಳೆಣಿಕೆ. ಟ್ಯಾಂಕ್ ನಿಲ್ಲಿಸುವ ಫಿರಂಗಿಯೂ ಸಾಲದು. ಸರ್ಕಾರದ ಸಾರಾಯಿ ಕಾರ್ಖಾನೆಯಲ್ಲೇ ಪೆಟ್ರೋಲ್ ಬಾಟಲಿ ತುಂಬಿದರು. ಲಕ್ಷಗಟ್ಟಲೆ. ಅವುಗಳಿಗೆ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್‌ನ ಹೆಸರು ಇಟ್ಟರು, ಅದು ಇವತ್ತಿಗೂ ಉಳಿದಿದೆ.

ಆದರೆ ಫಿನ್ನರ ನಿಜವಾದ ಅಸ್ತ್ರ ಬಾಟಲಿ ಅಲ್ಲ, ರಸ್ತೆ. ಉತ್ತರದ ಸುವೊಮುಸ್ಸಲ್ಮಿ ಅನ್ನುವ ಊರಿಗೆ ಪೂರ್ವದಿಂದ ಬರುವ ರಾತೆ ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡೂ ಬದಿ ಕಾಡು, ಸೊಂಟದವರೆಗೆ ಹಿಮ, ಸೊನ್ನೆಗಿಂತ 30-40 ಡಿಗ್ರಿ ಕೆಳಗಿನ ಚಳಿ. ಟ್ಯಾಂಕು, ಲಾರಿ, ಕುದುರೆ, ಫಿರಂಗಿ ಎಲ್ಲ ಸೇರಿ ಸೋವಿಯತ್‌ನ 44ನೇ ಡಿವಿಜನ್ ಆ ಒಂದೇ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ನಿಂತಿತ್ತು. ರಸ್ತೆ ಬಿಟ್ಟು ಇಳಿಯಲು ಅವರಿಗೆ ಆಗದು. ಫಿನ್ನರಿಗೆ ರಸ್ತೆ ಬೇಕಾಗೇ ಇರಲಿಲ್ಲ. ಬಿಳಿ ಬಟ್ಟೆ ತೊಟ್ಟು, ಸ್ಕೀ ಹಾಕಿಕೊಂಡು, ಕಾಡಿನೊಳಗೆ ರಸ್ತೆಗೆ ಸಮನಾಗಿ ತಮ್ಮದೇ ಹಿಮದ ಜಾಡು ಮಾಡಿಕೊಂಡರು. ಕತ್ತಲಲ್ಲಿ ಬಂದು ಸಾಲನ್ನು ಅಲ್ಲಲ್ಲಿ ಕಡಿದರು, ಉದ್ದದ ಕಬ್ಬನ್ನು ಗೆಣ್ಣು ಗೆಣ್ಣಿಗೆ ತುಂಡು ಮಾಡುವ ಹಾಗೆ. ಮೊದಲು ಗುರಿ ಇಟ್ಟದ್ದು ಅಡುಗೆ ಬಂಡಿಗಳಿಗೆ. ಆ ಚಳಿಯಲ್ಲಿ ಬಿಸಿ ಊಟ ನಿಂತರೆ ಬಂದೂಕು ಹಿಡಿಯುವ ಕೈಯೇ ನಿಲ್ಲುತ್ತದೆ. ಫಿನ್ನರು ಮಾತ್ರ ಸರದಿಯ ಮೇಲೆ ಹಿಂದೆ ಹೋಗಿ, ಒಲೆ ಇದ್ದ ಗುಡಾರದಲ್ಲಿ ಮಲಗಿ ಬರುತ್ತಿದ್ದರು. 1940ರ ಜನವರಿ ಮೊದಲ ವಾರ ಮುಗಿಯುವಷ್ಟರಲ್ಲಿ ಆ ಡಿವಿಜನ್ ಇರಲಿಲ್ಲ. ಟ್ಯಾಂಕ್, ಫಿರಂಗಿ ಡಜನ್‌ಗಟ್ಟಲೆ ಫಿನ್ನರ ಪಾಲಾದವು. ತಮಗೆ ಇಲ್ಲದ್ದನ್ನು ಶತ್ರುವಿನಿಂದಲೇ ಪಡೆದರು.

ಇಲ್ಲಿಗೆ ಕಥೆ ನಿಲ್ಲಿಸಿಬಿಟ್ಟರೆ ಇದೇ ಶ್ರೇಷ್ಠ ದಾರಿ ಅನ್ನಿಸುತ್ತದೆ, ಅಲ್ವಾ? ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ದೊಡ್ಡ ಸೈನ್ಯ ಕಲಿಯುತ್ತದೆ. ಸೋವಿಯತ್‌ನವರು ದಂಡನಾಯಕನನ್ನು ಬದಲಿಸಿ, ಫೆಬ್ರವರಿಯಲ್ಲಿ ದಕ್ಷಿಣದ ಕರೇಲಿಯಾ ಭೂಸಂಧಿಯಲ್ಲಿ ಫಿರಂಗಿಗಳ ಮಳೆ ಸುರಿಸಿದರು. ಅಲ್ಲಿ ಸುತ್ತಿ ಕಡಿಯಲು ಜಾಗ ಇರಲಿಲ್ಲ. ಫಿನ್ನರಿಗೆ ಗುಂಡು ಮುಗಿಯುತ್ತಾ ಬಂದಿತ್ತು. ಮಾರ್ಚ್‌ನ ಒಪ್ಪಂದದಲ್ಲಿ ದೇಶದ ಸುಮಾರು ಹತ್ತನೇ ಒಂದು ಪಾಲು ನೆಲ ಹೋಯಿತು. 4 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟು ಬಂದರು. ಫಿನ್‌ಲೆಂಡ್ ಮಾತ್ರ ಉಳಿಯಿತು. "ದೇಶ ಅಂತ ಒಂದು ಉಳಿದರೆ ಸಾಕು" ಅನ್ನುವವರಿಗೆ ಇದು ಗೆಲುವೇ.

ಕುದುರೆ, ಇಲ್ಲವೇ ಟೊಯೋಟಾ

ವೇಗವನ್ನೇ ಅಸ್ತ್ರ ಮಾಡಿಕೊಳ್ಳುವುದು ಇನ್ನೊಂದು ದಾರಿ. 1769ರ ಮಾರ್ಚ್‌ನಲ್ಲಿ ಹೈದರ್ ಅಲಿ ಕಂಪನಿಯ ಸೈನ್ಯವನ್ನು ದೂರ ಸೆಳೆದ. ತನ್ನ ಫಿರಂಗಿ, ಸಾಮಾನು, ಕಾಲಾಳು ಎಲ್ಲ ಬೇರೆ ದಾರಿಗೆ ಕಳಿಸಿ, ಸುಮಾರು 6,000 ಕುದುರೆಯೊಂದಿಗೆ ಮೂರೂವರೆ ದಿನದಲ್ಲಿ 200 ಕಿಲೋಮೀಟರ್‌ಗೂ ಜಾಸ್ತಿ ಓಡಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಬಂದು ನಿಂತ. ಕೋಟೆ ಗೆಲ್ಲುವ ತೋಪು ಅವನ ಹತ್ತಿರ ಇರಲಿಲ್ಲ. ಬೇಕಾಗೂ ಇರಲಿಲ್ಲ. ಬಾಗಿಲಲ್ಲಿ ಕುದುರೆ ಕಂಡ ಮದರಾಸಿನ ಸಾಹೇಬರು ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಹೈದರ್ ಬಡವನಾಗಿರಲಿಲ್ಲ, ಅದು ಸರಿ. ಆದರೆ ಆ ದಿನ ಅವನು ಬಳಸಿದ್ದು ಬಡವನ ಉಪಾಯ.

1987ರಲ್ಲಿ ಆಫ್ರಿಕಾದ ಚಾಡ್ ಅದನ್ನೇ ಟೊಯೋಟಾ ಪಿಕಪ್‌ನಲ್ಲಿ ಮಾಡಿತು. ಎದುರಿಗೆ ಚಾಡ್‌ನ ಉತ್ತರ ಭಾಗ ಹಿಡಿದು ಕೂತಿದ್ದ ಲಿಬಿಯಾ. ಅದಕ್ಕೆ ಟ್ಯಾಂಕ್, ವಿಮಾನ, ಮರುಭೂಮಿಯ ನಡುವೆ ಗಟ್ಟಿ ಠಾಣೆಗಳು. ಚಾಡ್‌ನವರು ಪಿಕಪ್ ಹಿಂದೆ ಟ್ಯಾಂಕ್ ಒಡೆಯುವ ಮಿಲಾನ್ ಕ್ಷಿಪಣಿ ಕೂರಿಸಿ, ಹಲವು ದಿಕ್ಕಿನಿಂದ ಒಂದೇ ಸಲ ನುಗ್ಗಿದರು. ಲಿಬಿಯಾದ ಟ್ಯಾಂಕ್‌ನ ಫಿರಂಗಿ ತಿರುಗುವಷ್ಟರಲ್ಲಿ ಪಿಕಪ್ ಪಕ್ಕಕ್ಕೆ ಹೋಗಿರುತ್ತಿತ್ತು. ಜನವರಿ 2ರಂದು ಫಾದಾ, ಮಾರ್ಚ್ 22ರಂದು ವಾದಿ ದೂಮ್ ವಾಯುನೆಲೆ ಕೈಗೆ ಬಂದವು.

ಬರೀ ಟೊಯೋಟಾದ ಮಹಿಮೆ ಅಂದುಕೊಳ್ಳಬೇಡಿ. ಮಿಲಾನ್ ಕೊಟ್ಟದ್ದು ಫ್ರಾನ್ಸ್. ದಕ್ಷಿಣದ ಆಕಾಶ ಕಾದದ್ದೂ ಫ್ರಾನ್ಸ್. ಅದಕ್ಕಿಂತ ದೊಡ್ಡದು, ಅಲ್ಲಿಯವರೆಗೆ ಲಿಬಿಯಾದ ಪರ ಇದ್ದ ಚಾಡ್‌ನ ಬಂಡುಕೋರರು 1986ರಲ್ಲಿ ತಿರುಗಿಬಿದ್ದಿದ್ದರು. ಮರಳುಗಾಡಿನಲ್ಲಿ ದಾರಿ ತೋರುವವರೇ ಹೋದ ಮೇಲೆ ಟ್ಯಾಂಕ್ ಸುಮ್ನೆ ನಿಂತ ಕಬ್ಬಿಣ.

ಈ ದಾರಿ ಬೇಗ ಮುಗಿಯುತ್ತದೆ, ಹಳ್ಳಿಗಳ ಮೇಲೆ ಹೊರೆಯೂ ಕಡಿಮೆ. ಕೊರತೆ ಎಲ್ಲಿ ಅಂದರೆ, ಹೆದರಿಸಿ ಪಡೆದ ಒಪ್ಪಂದ ಹೆದರಿಕೆ ಇರುವವರೆಗೆ ಮಾತ್ರ. ಎರಡು ವರ್ಷದಲ್ಲಿ ಮರಾಠರು ಹೈದರನ ಮೇಲೆ ಬಂದಾಗ ಕಂಪನಿ ಕೊಟ್ಟ ಮಾತಿನಂತೆ ಸಹಾಯಕ್ಕೆ ಬರಲೇ ಇಲ್ಲ. ಚಾಡ್‌ಗೆ ಲಿಬಿಯಾ ಗಡಿಯಲ್ಲಿನ ತನ್ನ ಔಝೂ ಪಟ್ಟಿ ಪೂರ್ತಿ ಸಿಕ್ಕಿದ್ದು ಪಿಕಪ್‌ನಿಂದಲ್ಲ, 1994ರ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪಿನಿಂದ.

ಡ್ರೋನ್ ಬಗ್ಗೆ ಕೇಳುವವರಿಗೂ ಇಲ್ಲೇ ಉತ್ತರ. ನೌಕಾಪಡೆ ಅಂತ ಹೇಳಿಕೊಳ್ಳಲು ಏನೂ ಇಲ್ಲದ ಉಕ್ರೇನ್ 2022ರ ಏಪ್ರಿಲ್‌ನಲ್ಲಿ ಕ್ಷಿಪಣಿಯಿಂದ ರಷ್ಯಾದ ಮಾಸ್ಕ್ವಾ ಹಡಗನ್ನು ಮುಳುಗಿಸಿತು. ಆಮೇಲೆ ಸಮುದ್ರ ಡ್ರೋನ್ ಬಿಟ್ಟು ರಷ್ಯಾದ ಹಡಗುಗಳು ಕ್ರೈಮಿಯಾದ ಬಂದರು ಸೆವಾಸ್ಟೊಪೋಲ್‌ನಿಂದ ದೂರ ಸರಿಯುವ ಹಾಗೆ ಮಾಡಿತು. ಆದರೆ ನೆಲದ ಮೇಲೆ ಕಳೆದುಕೊಂಡ ಊರುಗಳನ್ನು ಡ್ರೋನ್ ಅಷ್ಟು ಸುಲಭವಾಗಿ ವಾಪಸ್ ತಂದುಕೊಟ್ಟಿಲ್ಲ. ಶತ್ರುವನ್ನು ದೂರ ಇಡಲು ಅಗ್ಗದ ಸಾಮಾನು ಸಾಕಾಗಬಹುದು. ಬೇರು ಬಿಟ್ಟವನನ್ನು ಕೀಳಲು ಸಾಲದು.

ವರ್ಷಗಟ್ಟಲೆ ಎಳೆಯುವುದು

ಫ್ರೆಂಚರ ಆಳ್ವಿಕೆಯ ವಿರುದ್ಧ ಹೋರಾಡಿದ ವಿಯೆಟ್ನಾಂನ ಜನರಲ್ ಜಿಯಾಪ್ ಶುರುವಿನಲ್ಲಿ ಅವಸರ ಮಾಡಿದ. 1951ರ ಜನವರಿಯಲ್ಲಿ ವಿನ್ ಯೆನ್ ಬಯಲಿನಲ್ಲಿ ಫ್ರೆಂಚರ ಎದುರು ನೇರ ನಿಂತ. ವಿಮಾನದಿಂದ ನೇಪಾಮ್ ಬೆಂಕಿ ಸುರಿದರು, ಸಾವಿರಾರು ಜನ ಹೋದರು. ಅವನು ಮತ್ತೆ ಬೆಟ್ಟಕ್ಕೆ ಹೋದ.

ಸುಮಾರು ಮೂರು ವರ್ಷದ ಮೇಲೆ ಫ್ರೆಂಚರು ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಠಾಣೆ ಹಾಕಿದರು. ಸುತ್ತ ಬೆಟ್ಟ, ಒಳಗೆ ವಿಮಾನದ ರನ್‌ವೇ. ಈ ಬೆಟ್ಟಕ್ಕೆ ದೊಡ್ಡ ಫಿರಂಗಿ ತರಲು ಯಾರಿಗೂ ಆಗದು ಅನ್ನುವುದು ಅವರ ಧೈರ್ಯ. ವಿಯೆಟ್ನಾಮಿಗಳು ಹಗ್ಗ ಕಟ್ಟಿ, ಇಂಚಿಂಚು ಎಳೆದು ತಂದರು. 1954ರ ಜನವರಿ ಕೊನೆಗೆ ದಾಳಿಗೆ ಎಲ್ಲ ಸಿದ್ಧ. ಆಗ ಜಿಯಾಪ್ ನಿಲ್ಲಿಸಿಬಿಟ್ಟ. ಇನ್ನೂ ಪಕ್ಕಾ ಆಗಿಲ್ಲ, ಫಿರಂಗಿ ವಾಪಸ್ ಎಳೆಯಿರಿ ಅಂದ. ಎಳೆದು ತಂದವರ ಮುಖ ಹೇಗಿದ್ದಿರಬೇಕು ಯೋಚಿಸಿ. ನನ್ನ ಪ್ರಕಾರ ಇಡೀ ಯುದ್ಧದಲ್ಲಿ ಅತಿ ಕಷ್ಟದ ಆಜ್ಞೆ ಅದೇ, ಅತಿ ಬೆಲೆಬಾಳುವುದೂ ಅದೇ.

ಮುಂದಿನ ವಾರಗಳಲ್ಲಿ ಗುಡ್ಡದ ಎದೆ ಕೊರೆದು ಫಿರಂಗಿಗೆ ಗುಹೆ ಮಾಡಿದರು. ಅಕ್ಕಿ, ಗುಂಡು ಹೊತ್ತವರು ಎರಡೂವರೆ ಲಕ್ಷಕ್ಕೂ ಜಾಸ್ತಿ ಸಾಮಾನ್ಯ ಜನ. ಸೈಕಲ್ ಹ್ಯಾಂಡಲ್‌ಗೆ ಉದ್ದ ಬಿದಿರು ಕಟ್ಟಿ, ಏರದೆ ಪಕ್ಕದಲ್ಲಿ ನಡೆಯುತ್ತಾ ತಳ್ಳಿದರು. ಒಂದೊಂದು ಸೈಕಲ್ ಮೇಲೆ 200 ಕಿಲೋ. ಮಾರ್ಚ್ 13ಕ್ಕೆ ಗುಂಡು ಶುರುವಾಯಿತು. ಎರಡು ವಾರದಲ್ಲಿ ರನ್‌ವೇ ಸತ್ತಿತು. ಮೇ 7ಕ್ಕೆ ಠಾಣೆ ಬಿತ್ತು, ಸುಮಾರು 10,000 ಜನ ಸೆರೆಯಾದರು.

ರಾಯಣ್ಣನಿಗೂ ಜಿಯಾಪ್‌ಗೂ ವ್ಯತ್ಯಾಸ ಧೈರ್ಯದಲ್ಲಿ ಇರಲಿಲ್ಲ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಬಂದ ಮೇಲೆ ಜಿಯಾಪ್‌ಗೆ ಬೆನ್ನ ಹಿಂದೆ ತೆರೆದ ಗಡಿ ಸಿಕ್ಕಿತು. ಫಿರಂಗಿ, ಲಾರಿ, ತರಬೇತಿ ಎಲ್ಲ ಅಲ್ಲಿಂದ ಬಂತು. ಒಬ್ಬ ನಾಯಕ ಹೋದರೂ ನಡೆಯುವ ಪಕ್ಷದ ಕಟ್ಟು ಕೂಡ ಇತ್ತು. ಇಷ್ಟಾದರೂ ಜಿನೀವಾ ಒಪ್ಪಂದದಲ್ಲಿ ಸಿಕ್ಕಿದ್ದು ಅರ್ಧ ದೇಶ. ಇನ್ನರ್ಧಕ್ಕೆ 1975ರವರೆಗೆ ಹೋರಾಡಬೇಕಾಯಿತು, ಲಕ್ಷ ಲಕ್ಷ ಜನ ಸತ್ತರು. ಶತ್ರುವನ್ನು ಪೂರ್ತಿ ಓಡಿಸಿದ ಉದಾಹರಣೆ ಈ ಪಟ್ಟಿಯಲ್ಲಿ ಇದೊಂದೇ. ಅತಿ ದುಬಾರಿಯೂ ಇದೇ.

ಹಾಗಾದರೆ ನಿಮಗೆ ಯಾವುದು

ನೆಲ ಚಿಕ್ಕದು, ಬಯಲು, ಗಡಿ ಮುಚ್ಚಿದೆ ಅಂದರೆ ಕಾಡಿನ ದಾರಿಯನ್ನು ಮರೆತುಬಿಡಿ. ಒಂದು ಏಟು ಬಲವಾಗಿ ಕೊಟ್ಟು, ಅವನು ಸುಧಾರಿಸಿಕೊಳ್ಳುವ ಮೊದಲು ಮಾತಿಗೆ ಕೂರಿಸುವ ಹೈದರನ ದಾರಿ ನೋಡಿ. ದುಡ್ಡಿಲ್ಲ, ಆದರೆ ಜನ ಪೂರ್ತಿ ನಿಮ್ಮ ಕಡೆ, ಪಕ್ಕದ ದೇಶವೂ ನಿಮ್ಮ ಕಡೆ, ಹತ್ತು ವರ್ಷ ತಡೆಯುವ ಮನಸ್ಸೂ ಇದೆ ಅಂದರೆ ಮಾತ್ರ ಜಿಯಾಪ್. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ಶತ್ರು ಬರಲು ಒಂದೆರಡೇ ರಸ್ತೆ ಇರುವ ದುರ್ಗಮ ದೇಶವಾದರೆ ಫಿನ್ನರ ಉಪಾಯಕ್ಕಿಂತ ಒಳ್ಳೆಯದಿಲ್ಲ. ಆದರೆ ಬಯಲಿನ ಕಡೆ ಏನು ಮಾಡುವಿರಿ ಅಂತ ಮೊದಲೇ ಲೆಕ್ಕ ಹಾಕಿ. ಬೆಂಬಲಕ್ಕೆ ಒಂದು ದೊಡ್ಡ ದೇಶವಿದ್ದು, ನಿಮ್ಮ ಹುಡುಗರಿಗೆ ನೆಲದ ಗುರುತು ಚೆನ್ನಾಗಿದ್ದರೆ ಚಾಡ್‌ನ ಮಾದರಿ ಬೇಗ ಫಲ ಕೊಡುತ್ತದೆ. ಆ ದೊಡ್ಡ ದೇಶ ನಾಳೆ ಕೈಬಿಟ್ಟರೆ ಮಾತ್ರ ಪಿಕಪ್ ಬರೀ ಪಿಕಪ್. ಕೋಟೆಯನ್ನು ನಾನು ಒಂಟಿಯಾಗಿ ಯಾರಿಗೂ ಹೇಳುವುದಿಲ್ಲ.

ಯಾವುದನ್ನೇ ಆರಿಸಿದರೂ, ಎಲ್ಲಿ ನಿಲ್ಲಿಸಬೇಕು ಅಂತ ಶುರುವಿನಲ್ಲೇ ಗೊತ್ತು ಮಾಡಿಕೊಳ್ಳಿ. ಫಿನ್‌ಲೆಂಡ್‌ನಲ್ಲಿ ಸರ್ಕಾರಕ್ಕೆ ಸಂಧಿ ಮಾಡಿಕೊಳ್ಳಿ ಅಂತ ಒತ್ತಾಯಿಸಿದವನು ದಂಡನಾಯಕ ಮನ್ನರ್‌ಹೈಮ್. ಸೈನ್ಯ ಇನ್ನೂ ನಿಂತಿರುವಾಗಲೇ ಮಾತಾಡಿದರೆ ಏನಾದರೂ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಬೋಯರ್‌ಗಳು ಅದೇ ಮಾತಿಗೆ ಬರಲು ಎರಡು ವರ್ಷ ತಡ ಮಾಡಿದರು. 1902ರ ಮೇ 31ರಂದು ವೆರೀನಿಗಿಂಗ್‌ನಲ್ಲಿ 60 ಪ್ರತಿನಿಧಿಗಳು ಮತ ಹಾಕಿದಾಗ 54 ಜನ ಒಪ್ಪಂದ ಬೇಕು ಅಂದರು, 6 ಜನ ಬೇಡ ಅಂದರು.